12 ಲಕ್ಷದವರೆಗೆ ತೆರಿಗೆ ಇಲ್ಲವೆಂದರೆ ನನ್ನ ಸಂಬಳದಲ್ಲಿ ಏಕೆ ಹಿಡಿಯುತ್ತಿದ್ದಾರೆ?

ಪ್ರಶ್ನೆ: ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಕೆಲಸ. 2025-26ರ ಒಟ್ಟು ಸಂಬಳ 14,20,000 ರೂಪಾಯಿ. ಅದರಲ್ಲಿ ಮೂಲ ವೇತನ 6 ಲಕ್ಷ, ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ) 2,40,000. ತಿಂಗಳಿಗೆ 18,000 ಬಾಡಿಗೆ ಕಟ್ಟುತ್ತೇನೆ. ಊರಿನಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ, ವರ್ಷದ ಬಡ್ಡಿ 1,70,000. ಪಿಎಫ್ ಮತ್ತು ಸಾಲದ ಅಸಲು ಸೇರಿ 80ಸಿ (ಉಳಿತಾಯಕ್ಕೆ ಸಿಗುವ ತೆರಿಗೆ ಕಡಿತ) ಮಿತಿ ಪೂರ್ತಿ ತುಂಬುತ್ತದೆ. ಆರೋಗ್ಯ ವಿಮೆಗೆ ನಮ್ಮದು 18,000, ಅಪ್ಪ ಅಮ್ಮನದು 32,000. ಹೋದ ವರ್ಷ ಹಳೆ ಪದ್ಧತಿಯಲ್ಲಿದ್ದೆ. ಈ ಸಲ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂದು ಕೇಳಿ ಏಪ್ರಿಲ್‌ನಲ್ಲಿ ಹೊಸ ಪದ್ಧತಿ ಎಂದು ಬರೆದುಕೊಟ್ಟೆ. ಆದರೂ ಪ್ರತಿ ತಿಂಗಳು ಹಿಡಿಯುತ್ತಿದ್ದಾರೆ. ಈಗ ದಾಖಲೆ ಕೊಡಿ ಎನ್ನುತ್ತಿದ್ದಾರೆ, ಬದಲಿಸಬಹುದೇ? ಹೆಂಡತಿಯ ಸಂಬಳ 11,40,000. ಅವಳು ಕೆಲವು ತಿಂಗಳ ಹಿಂದಷ್ಟೇ ಕೊಂಡ ಷೇರು ಮಾರಿದ್ದರಿಂದ 70,000 ಲಾಭ ಬಂದಿದೆ. ಅವಳಿಗೆ ತೆರಿಗೆ ಬರುವುದಿಲ್ಲ ತಾನೇ? ಅಪ್ಪನಿಗೆ 67 ವರ್ಷ. ಪಿಂಚಣಿ 6 ಲಕ್ಷ, ಒಂದೇ ಬ್ಯಾಂಕಿನ ಎಫ್‌ಡಿ ಬಡ್ಡಿ ಈ ವರ್ಷ 1,80,000 ಆಗುತ್ತದೆ. ಬ್ಯಾಂಕಿನವರು ಶೇ 10 ಹಿಡಿಯುತ್ತಿದ್ದಾರೆ. ಪ್ರತಿ ಬಜೆಟ್‌ಗೂ ಮಿತಿಗಳು ಬದಲಾಗುತ್ತವೆ. ಯಾವುದನ್ನು ನಂಬಿ ಲೆಕ್ಕ ಹಾಕುವುದು?

ಉತ್ತರ: ನಿಮಗೆ ತೆರಿಗೆ ಬರುತ್ತದೆ. ನಿಮ್ಮ ಪತ್ನಿಗೂ ಸ್ವಲ್ಪ ಬರುತ್ತದೆ. ನಿಮ್ಮ ತಂದೆಯವರಿಗೆ ಬರುವುದಿಲ್ಲ, ಬ್ಯಾಂಕ್ ಹಿಡಿದ ಹಣವೆಲ್ಲ ವಾಪಸು ಸಿಗುತ್ತದೆ. ಮೂವರ ಲೆಕ್ಕವೂ ಬೇರೆ ಬೇರೆಯಾಗಲು ಕಾರಣ, ಎಲ್ಲರ ಬಾಯಲ್ಲಿರುವ ಆ 12 ಲಕ್ಷದ ಮಾತು ಅರ್ಧ ಮಾತ್ರ ಕಿವಿಗೆ ಬಿದ್ದಿರುವುದು.

ಹಳೆ ಪದ್ಧತಿಯಲ್ಲಿ ಕಡಿತಗಳು ಹೆಚ್ಚು, ಹೊಸದರಲ್ಲಿ ದರ ಕಡಿಮೆ, ಕಡಿತಗಳೂ ಕಡಿಮೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ಸ್ಲ್ಯಾಬ್ (ಆದಾಯದ ಹಂತ) ಇಲ್ಲವೇ ಇಲ್ಲ. 2025ರ ಬಜೆಟ್ ಗೊತ್ತುಮಾಡಿದ ದರಗಳು ಹೀಗಿವೆ: 4 ಲಕ್ಷದವರೆಗೆ ಏನೂ ಇಲ್ಲ, 4ರಿಂದ 8 ಲಕ್ಷದ ಭಾಗಕ್ಕೆ ಶೇ 5, 8ರಿಂದ 12ಕ್ಕೆ ಶೇ 10, 12ರಿಂದ 16ಕ್ಕೆ ಶೇ 15, 16ರಿಂದ 20ಕ್ಕೆ ಶೇ 20, 20ರಿಂದ 24ಕ್ಕೆ ಶೇ 25, ಅದರ ಮೇಲಿನದಕ್ಕೆ ಶೇ 30. ಈ ಪ್ರಕಾರ 12 ಲಕ್ಷಕ್ಕೆ 60,000 ರೂಪಾಯಿ ತೆರಿಗೆ ಬರುತ್ತದೆ. ಆದಾಯ 12 ಲಕ್ಷ ದಾಟದಿದ್ದರೆ 87ಎ ಕಲಂ ಆ 60,000ವನ್ನು ರಿಬೇಟ್ ಆಗಿ ಮನ್ನಾ ಮಾಡುತ್ತದೆ. ದಾಟಿತೋ, ರಿಬೇಟ್ ಹೋಯಿತು, ಲೆಕ್ಕ ಮತ್ತೆ 4 ಲಕ್ಷದಿಂದಲೇ ಶುರು. ಸಂಬಳದಾರರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ದಾಖಲೆ ಇಲ್ಲದೆ ಸಿಗುವ ನಿಗದಿತ ಕಡಿತ) ಇರುವುದರಿಂದ 12,75,000 ಸಂಬಳದವರೆಗೆ ತೆರಿಗೆ ಸೊನ್ನೆ. ನಿಮ್ಮದು ಅದನ್ನೂ ದಾಟಿದೆ.

ಗಡಿಯನ್ನು ಸ್ವಲ್ಪವೇ ದಾಟಿದವರ ಮೇಲೆ ಒಮ್ಮೆಗೇ 60,000 ಬೀಳದಂತೆ ಮಾರ್ಜಿನಲ್ ರಿಲೀಫ್ ಎಂಬ ತಡೆ ಇದೆ. 12 ಲಕ್ಷದ ಮೇಲೆ ಎಷ್ಟು ಆದಾಯ ಹೆಚ್ಚಿದೆಯೋ ತೆರಿಗೆ ಅದಕ್ಕಿಂತ ಹೆಚ್ಚಾಗಬಾರದು. ಡಿಡಕ್ಷನ್ ಕಳೆದ ಮೇಲೆ 12,10,000 ಉಳಿದರೆ ಸ್ಲ್ಯಾಬ್ ಪ್ರಕಾರ 61,500 ಆಗಬೇಕು, ಆದರೆ ಕಟ್ಟಬೇಕಾದದ್ದು 10,000 ಮತ್ತು ಅದರ ಮೇಲೆ ಶೇ 4 ಸೆಸ್ (ಉಪಕರ). ಈ ಅನುಕೂಲ ಸುಮಾರು 12,70,588ರವರೆಗೆ ಕೆಲಸ ಮಾಡುತ್ತದೆ, ಅಲ್ಲಿಂದಾಚೆಗೆ ಮಾಮೂಲಿ ಸ್ಲ್ಯಾಬ್. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ನಿಮ್ಮ ಲೆಕ್ಕದಲ್ಲೇ ಬರುತ್ತದೆ.

ಈಗ ನಿಮ್ಮ ಅಂಕಿಗಳು. ವೃತ್ತಿ ತೆರಿಗೆಯನ್ನು ಸರಳತೆಗಾಗಿ ಬಿಟ್ಟಿದ್ದೇನೆ. ಹಳೆ ಪದ್ಧತಿಯಲ್ಲಿ ಅದೂ ಕಳೆಯುತ್ತದೆ, ಮೊತ್ತ ಚಿಕ್ಕದು.

ಹೊಸ ಪದ್ಧತಿ: 14,20,000ದಲ್ಲಿ 75,000 ಕಳೆದು 13,45,000. ತೆರಿಗೆ 20,000 + 40,000 + 21,750, ಒಟ್ಟು 81,750. ಸೆಸ್ ಸೇರಿ 85,020.

ಹಳೆ ಪದ್ಧತಿಯಲ್ಲಿ ಮೊದಲು ಎಚ್‌ಆರ್‌ಎ ನೋಡಬೇಕು. ವಿನಾಯಿತಿ ಸಿಗುವುದು ಮೂರು ಅಂಕಿಗಳಲ್ಲಿ ಅತಿ ಚಿಕ್ಕದಕ್ಕೆ: ಕೈಗೆ ಬಂದ ಎಚ್‌ಆರ್‌ಎ (2,40,000), ಕಟ್ಟಿದ ಬಾಡಿಗೆಯಲ್ಲಿ ಮೂಲ ವೇತನದ ಶೇ 10 ಕಳೆದದ್ದು (2,16,000 – 60,000 = 1,56,000), ಮೂಲ ವೇತನದ ಶೇ 40 (2,40,000). ಶೇ 50ರ ಲೆಕ್ಕ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ. 2025-26ರ ಆದಾಯಕ್ಕೆ ಬೆಂಗಳೂರು ಆ ಪಟ್ಟಿಯಲ್ಲಿಲ್ಲ. ನಿಮಗೆ ಅದರಿಂದ ವ್ಯತ್ಯಾಸವೂ ಆಗುವುದಿಲ್ಲ, ಏಕೆಂದರೆ ಚಿಕ್ಕದು ನಡುವಿನ 1,56,000. ಇದರ ಜೊತೆಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 (ಹಳೆಯದರಲ್ಲಿ 75,000 ಅಲ್ಲ), 80ಸಿ 1,50,000, ಮನೆ ಸಾಲದ ಬಡ್ಡಿ 1,70,000, ಆರೋಗ್ಯ ವಿಮೆ 50,000. ಒಟ್ಟು 5,76,000 ಕಳೆದರೆ 8,44,000 ಉಳಿಯಿತು. ತೆರಿಗೆ 12,500 + 68,800 = 81,300. ಸೆಸ್ ಸೇರಿ 84,552.

ಎರಡಕ್ಕೂ ವ್ಯತ್ಯಾಸ 468 ರೂಪಾಯಿ.

ಇದೇ ಸಂಬಳ, ಇದೇ ಕಡಿತಗಳನ್ನು 2024-25ರ ದರಕ್ಕೆ ಹಾಕಿ ನೋಡಿ. ಆಗ ಹೊಸ ಪದ್ಧತಿಯ ಸ್ಲ್ಯಾಬ್‌ಗಳು 3, 7, 10, 12, 15 ಲಕ್ಷಗಳಲ್ಲಿ ಬದಲಾಗುತ್ತಿದ್ದವು. 13,45,000ಕ್ಕೆ ಸೆಸ್ ಸೇರಿ 1,13,360 ಆಗುತ್ತಿತ್ತು. ಹಳೆಯದರಲ್ಲಿ ಆಗಲೂ 84,552. ಅಂದರೆ ಹೋದ ವರ್ಷ ಹಳೆ ಪದ್ಧತಿ ನಿಮಗೆ 28,808 ಉಳಿಸುತ್ತಿತ್ತು, ಈ ವರ್ಷ ಉಳಿಸುವುದು ಐನೂರಕ್ಕೂ ಕಡಿಮೆ. ನಿಮ್ಮ ಕಡೆಯಿಂದ ಏನೂ ಬದಲಾಗಿಲ್ಲ, ತಕ್ಕಡಿಯ ಇನ್ನೊಂದು ತಟ್ಟೆ ಬದಲಾಗಿದೆ. ಹೋದ ವರ್ಷದ ತೀರ್ಮಾನವನ್ನೇ ಈ ವರ್ಷಕ್ಕೂ ಮುಂದುವರಿಸುವುದು ಸಂಬಳದಾರರು ಮಾಡುವ ಅತಿ ದುಬಾರಿ ತಪ್ಪು ಎಂದು ನಾನು ಹೇಳುವುದು ಇದಕ್ಕೇ.

ಇನ್ನೊಂದನ್ನೂ ಗಮನಿಸಿ. ಬಜೆಟ್‌ಗಳು ಕೆಲವು ವರ್ಷಗಳಿಂದ ತಿದ್ದುತ್ತಿರುವುದು ಹೊಸ ಪದ್ಧತಿಯನ್ನು. 2023-24ರಿಂದ ಅದೇ ಡೀಫಾಲ್ಟ್ ಆಯಿತು, ರಿಬೇಟ್ 7 ಲಕ್ಷಕ್ಕೆ ಏರಿತು. 2024ರ ಜುಲೈ ಬಜೆಟ್‌ನಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000ದಿಂದ 75,000ಕ್ಕೆ ಏರಿತು. 2025ರಲ್ಲಿ ಸ್ಲ್ಯಾಬ್‌ಗಳೂ ರಿಬೇಟೂ ಮತ್ತೆ ಬದಲಾದವು. ಹಳೆ ಪದ್ಧತಿಯ ಮಿತಿಗಳು ಮಾತ್ರ ಕಲ್ಲಿನಂತೆ ಕೂತಿವೆ. 80ಸಿಯ 1.5 ಲಕ್ಷ, ಸ್ವಂತ ವಾಸದ ಮನೆ ಸಾಲದ ಬಡ್ಡಿಗೆ 2 ಲಕ್ಷ, ಎರಡೂ 2014ರ ಬಜೆಟ್‌ನವು. ಆರೋಗ್ಯ ವಿಮೆಗೆ 25,000 ಎಂಬುದು 2015ರದು, ಹಿರಿಯ ನಾಗರಿಕರಿಗೆ 50,000 ಎಂಬುದು 2018ರದು. ಬೆಲೆ ಏರಿದಂತೆ ಈ ಮಿತಿಗಳು ತಾನಾಗಿ ಏರುವ ವ್ಯವಸ್ಥೆ ನಮ್ಮಲ್ಲಿಲ್ಲ, ಸಂಸತ್ತು ಬದಲಿಸಿದರೆ ಮಾತ್ರ ಬದಲು. ಹತ್ತು ವರ್ಷದಲ್ಲಿ ಶಾಲೆ ಶುಲ್ಕ, ವಿಮೆಯ ಕಂತು ಎಲ್ಲಿಗೆ ಹೋಗಿ ನಿಂತಿವೆ ಎಂಬುದು ಮನೆ ನಡೆಸುವ ಎಲ್ಲರಿಗೂ ಗೊತ್ತು. ಆ ಮಿತಿಗಳನ್ನು ಹಾಗೇ ಬಿಟ್ಟಿರುವುದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಲೆಕ್ಕವನ್ನು ಇರುವ ಕಾನೂನಿನಂತೆಯೇ ಹಾಕಬೇಕು.

ಹಾಗಾದರೆ 468 ರೂಪಾಯಿಗಾಗಿ ಬದಲಿಸಬೇಕೇ? ಬೇಡ ಎನ್ನುತ್ತೇನೆ. ಹಳೆ ಪದ್ಧತಿಗೆ ದಾಖಲೆ ಬೇಕು. ವರ್ಷದ ಬಾಡಿಗೆ 1 ಲಕ್ಷ ಮೀರಿದ್ದರಿಂದ ಮನೆ ಮಾಲೀಕರ ಪ್ಯಾನ್ ಕೊಡಬೇಕು. ವಿಮೆಯ ಕಂತನ್ನು ನಗದಿನಲ್ಲಿ ಕಟ್ಟಿದ್ದರೆ ಕಡಿತ ಸಿಗುವುದಿಲ್ಲ. ರಿಟರ್ನ್ ತುಂಬುವಾಗ ಪಾಲಿಸಿ ಸಂಖ್ಯೆ, ಸಾಲದ ಖಾತೆ ಸಂಖ್ಯೆಗಳನ್ನೂ ಕೇಳುತ್ತಾರೆ. ಇವುಗಳಲ್ಲಿ ಒಂದು ತಪ್ಪಿದರೂ ಲೆಕ್ಕ ತಲೆಕೆಳಗಾಗುತ್ತದೆ. ಬಾಡಿಗೆ ಒಂದನ್ನೇ ಬಿಟ್ಟರೆ ಹಳೆಯದರಲ್ಲಿ ತೆರಿಗೆ 1,17,000 ಆಗುತ್ತದೆ, ಹೊಸದಕ್ಕಿಂತ ಸುಮಾರು 32,000 ಹೆಚ್ಚು. ಇಲ್ಲದ ಬಾಡಿಗೆ, ಕಟ್ಟದ ಕಂತು ತೋರಿಸಿ ಸಿಕ್ಕಿಬಿದ್ದರೆ ತಪ್ಪು ಮಾಹಿತಿಗೆ ದಂಡ ತೆರಿಗೆಯ ಶೇ 200ರವರೆಗೆ ಇದೆ. ನಿಮ್ಮ ದಾಖಲೆಗಳು ನಿಜ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಇಷ್ಟು ಸಣ್ಣ ಅಂತರಕ್ಕೆ ಇಷ್ಟು ಕಾಗದ ಬೇಡ.

ಬದಲಿಸಬಹುದೇ ಎಂಬ ಪ್ರಶ್ನೆಗೆ ಹೌದು ಎಂದೇ ಉತ್ತರ. ಏಪ್ರಿಲ್‌ನಲ್ಲಿ ಆಫೀಸಿಗೆ ಬರೆದುಕೊಟ್ಟದ್ದು ಸಂಬಳದಲ್ಲಿ ಟಿಡಿಎಸ್ (ಹಣ ಕೈಸೇರುವ ಮೊದಲೇ ಹಿಡಿಯುವ ತೆರಿಗೆ) ಎಷ್ಟು ಹಿಡಿಯಬೇಕು ಎಂಬುದಕ್ಕಷ್ಟೇ. ವ್ಯಾಪಾರ, ವೃತ್ತಿಯ ಆದಾಯ ಇಲ್ಲದವರು ರಿಟರ್ನ್ ತುಂಬುವಾಗ ಯಾವ ಪದ್ಧತಿಯನ್ನಾದರೂ ಆರಿಸಬಹುದು, ಪ್ರತಿ ವರ್ಷ ಬದಲಿಸಲೂಬಹುದು. ಷರತ್ತು ಒಂದೇ: ಹಳೆಯದು ಬೇಕಿದ್ದರೆ ಕೊನೆಯ ದಿನಾಂಕದೊಳಗೆ ರಿಟರ್ನ್ ಸಲ್ಲಿಸಬೇಕು. ತಡವಾದ ರಿಟರ್ನ್‌ಗೆ ಹೊಸ ಪದ್ಧತಿಯೇ ಗತಿ. ವ್ಯಾಪಾರದ ಆದಾಯ ಇರುವವರಿಗೆ ಈ ಸ್ವಾತಂತ್ರ್ಯ ಇಲ್ಲ. ಅವರು ಫಾರ್ಮ್ 10-ಐಇಎ ಸಲ್ಲಿಸಿ ಹಳೆಯದಕ್ಕೆ ಹೋದರೆ ಹೊಸದಕ್ಕೆ ಮರಳಲು ಒಮ್ಮೆ ಮಾತ್ರ ಅವಕಾಶ.

ನೀವು ನಿಜವಾಗಿ ಉಳಿಸಬಹುದಾದ ಜಾಗ ಬೇರೆ ಇದೆ. ಹೊಸ ಪದ್ಧತಿಯಲ್ಲಿ 80ಸಿ, 80ಡಿ (ಆರೋಗ್ಯ ವಿಮೆಯ ಕಡಿತ) ಇಲ್ಲ, ಆದರೆ ಕಂಪನಿ ನಿಮ್ಮ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಖಾತೆಗೆ ಕಟ್ಟುವ ಪಾಲಿಗೆ 80ಸಿಸಿಡಿ(2) ಕಡಿತ ಇದೆ. ಮೂಲ ವೇತನದ ಶೇ 14ರವರೆಗೆ, ನಿಮಗೆ 84,000. ನೀವೇ ಖಾತೆಗೆ ಹಾಕಿಕೊಂಡರೆ ಈ ಕಡಿತ ಸಿಗದು. ಸಂಬಳದ ವಿಂಗಡಣೆಯಲ್ಲೇ, ಸ್ಪೆಷಲ್ ಅಲೊವನ್ಸ್‌ನಿಂದ ತೆಗೆದು ಕಂಪನಿಯ ಪಾಲಾಗಿ ಹೋಗಬೇಕು. ಈ ವರ್ಷ ಹೆಚ್ಚುಕಡಿಮೆ ಮುಗಿದಿದೆ, ಏಪ್ರಿಲ್‌ನಿಂದ ಶುರುವಾಗುವಂತೆ ಎಚ್‌ಆರ್ ವಿಭಾಗವನ್ನು ಈಗಲೇ ಕೇಳಿ. ಈ ವರ್ಷದ ದರದಲ್ಲೇ ಲೆಕ್ಕ ಹಾಕಿದರೆ 13,45,000ದಲ್ಲಿ 84,000 ಕಳೆದು 12,61,000 ಉಳಿಯುತ್ತದೆ. ಸ್ಲ್ಯಾಬ್ ತೆರಿಗೆ 69,150. ಆದರೆ ಆದಾಯ 12,70,588ರ ಒಳಗೆ ಬಂದಿರುವುದರಿಂದ ಮಾರ್ಜಿನಲ್ ರಿಲೀಫ್ ಸಿಕ್ಕಿ 61,000ಕ್ಕೆ ಇಳಿಯುತ್ತದೆ, ಸೆಸ್ ಸೇರಿ 63,440. ಈಗ ಕಟ್ಟುತ್ತಿರುವುದಕ್ಕಿಂತ 21,580 ಕಡಿಮೆ. ಹಳೆ ಪದ್ಧತಿಯಲ್ಲಿ ಖಾಸಗಿ ನೌಕರರಿಗೆ ಈ ಕಡಿತ ಶೇ 10ಕ್ಕೇ ನಿಲ್ಲುವುದರಿಂದ ಅಲ್ಲಿ 72,072 ಆಗುತ್ತದೆ. ಆಗ ಹೊಸದು ಸ್ಪಷ್ಟವಾಗಿ ಮೇಲು. ಒಂದು ಎಚ್ಚರಿಕೆ: ಎನ್‌ಪಿಎಸ್ ನಿವೃತ್ತಿಗಾಗಿ ಕಟ್ಟಿಡುವ ಹಣ, ಬೇಕೆಂದಾಗ ತೆಗೆಯಲು ಬರುವುದಿಲ್ಲ. ಮನೆ ಸಾಲದ ಕಂತು, ಬಾಡಿಗೆ ಎರಡನ್ನೂ ಹೊತ್ತಿರುವ ನಿಮಗೆ ಕೈಗೆ ಬರುವ ಸಂಬಳ ತಿಂಗಳಿಗೆ 7,000 ಕಡಿಮೆಯಾದರೆ ನಡೆಯುತ್ತದೆಯೇ ಎಂದು ಮೊದಲು ನೋಡಿ. ತೆರಿಗೆ ಉಳಿಸಲು ಹೋಗಿ ಕ್ರೆಡಿಟ್ ಕಾರ್ಡಿಗೆ ಬಡ್ಡಿ ಕಟ್ಟುವಂತಾಗಬಾರದು.

ನಿಮ್ಮ ಪತ್ನಿಯ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ. 11,40,000ದಲ್ಲಿ 75,000 ಕಳೆದು 10,65,000, ಷೇರಿನ ಲಾಭ 70,000 ಸೇರಿ 11,35,000. 12 ಲಕ್ಷದ ಒಳಗೇ ಇದೆ. ಸಂಬಳದ ಮೇಲಿನ ತೆರಿಗೆ 46,500, ಅದಷ್ಟೂ ರಿಬೇಟ್‌ನಲ್ಲಿ ಹೋಗುತ್ತದೆ. ಆದರೆ ಷೇರುಪೇಟೆಯಲ್ಲಿ ಕೊಂಡು ಒಂದು ವರ್ಷದೊಳಗೆ ಮಾರಿದ ಷೇರಿನ ಲಾಭಕ್ಕೆ ಶೇ 20ರ ಪ್ರತ್ಯೇಕ ದರ ಇದೆ, ಹೊಸ ಪದ್ಧತಿಯ ರಿಬೇಟ್ ಆ ತೆರಿಗೆಗೆ ಅನ್ವಯಿಸುವುದಿಲ್ಲ. 70,000ಕ್ಕೆ 14,000, ಸೆಸ್ ಸೇರಿ 14,560 ಕಟ್ಟಲೇಬೇಕು. ಅದೇ ಷೇರನ್ನು ಒಂದು ವರ್ಷ ದಾಟಿಸಿ ಮಾರಿದ್ದರೆ, ವರ್ಷಕ್ಕೆ ಒಟ್ಟು 1,25,000ದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆಯೇ ಇರುತ್ತಿರಲಿಲ್ಲ, ಮೇಲಿನದಕ್ಕೆ ಶೇ 12.5.

ಈ 14,560ವನ್ನು ರಿಟರ್ನ್ ತುಂಬುವಾಗ ನೋಡೋಣ ಎಂದು ಬಿಡಬೇಡಿ. ಟಿಡಿಎಸ್ ಕಳೆದ ಮೇಲೆ ವರ್ಷದ ತೆರಿಗೆ 10,000 ಅಥವಾ ಮೇಲಿದ್ದರೆ ಅಡ್ವಾನ್ಸ್ ಟ್ಯಾಕ್ಸ್ (ವರ್ಷ ಮುಗಿಯುವ ಮೊದಲೇ ಕಟ್ಟುವ ತೆರಿಗೆ) ಕಟ್ಟಬೇಕು, ಕೊನೆಯ ಕಂತು ಮಾರ್ಚ್ 15ಕ್ಕೆ. ಬಿಟ್ಟರೆ ತಿಂಗಳಿಗೆ ಶೇ 1ರ ಬಡ್ಡಿ ಸೇರುತ್ತದೆ. ಎರಡು ದಾರಿ ಇವೆ: ತಾವೇ ಚಲನ್ ಕಟ್ಟುವುದು, ಇಲ್ಲವೇ ಈ ಲಾಭವನ್ನು ಅವರ ಆಫೀಸಿಗೆ ತಿಳಿಸಿ ಉಳಿದ ತಿಂಗಳ ಸಂಬಳದಲ್ಲೇ ಟಿಡಿಎಸ್ ಹಿಡಿಸುವುದು. ಎರಡನೆಯದು ಸುಲಭ.

ತಂದೆಯವರ ಲೆಕ್ಕ ನೋಡಿದರೆ ಸಮಾಧಾನವಾಗುತ್ತದೆ. ಪಿಂಚಣಿಯೂ ಸಂಬಳದ ಲೆಕ್ಕಕ್ಕೇ ಬರುವುದರಿಂದ ಅವರಿಗೂ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. 7,80,000ದಲ್ಲಿ ಅದನ್ನು ಕಳೆದು 7,05,000, ತೆರಿಗೆ 15,250, ರಿಬೇಟ್ ಆದಮೇಲೆ ಸೊನ್ನೆ. ಹಳೆ ಪದ್ಧತಿಯಲ್ಲಿ ಹಿರಿಯರ ಬಡ್ಡಿಗೆ 80ಟಿಟಿಬಿಯ 50,000 ಕಡಿತ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ, ಅದು ನಿಜ. ಆದರೆ ಅದನ್ನೂ ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನೂ ಕಳೆದ ಮೇಲೂ 6,80,000ಕ್ಕೆ 46,000 ತೆರಿಗೆ, ಮೇಲೆ ಸೆಸ್. ಅವರಿಗೆ ಹೊಸದೇ ಸರಿ.

ಬ್ಯಾಂಕ್ ಹಿಡಿದದ್ದೇಕೆ? ಹಿರಿಯ ನಾಗರಿಕರ ಬಡ್ಡಿಗೆ ಟಿಡಿಎಸ್ ಮಿತಿ 2025ರ ಏಪ್ರಿಲ್ 1ರಿಂದ 50,000ದಿಂದ 1 ಲಕ್ಷಕ್ಕೆ ಏರಿದೆ (60 ವರ್ಷದೊಳಗಿನವರಿಗೆ 40,000ದಿಂದ 50,000ಕ್ಕೆ). ಮಿತಿ ದಾಟಿದರೆ ಹಿಡಿಯುವುದು ಮೇಲಿನ 80,000ಕ್ಕಲ್ಲ, ಪೂರ್ತಿ 1,80,000ಕ್ಕೆ. ಹಾಗಾಗಿ ವರ್ಷಕ್ಕೆ 18,000 ಆಗುತ್ತದೆ. ಒಟ್ಟು ತೆರಿಗೆ ಸೊನ್ನೆ ಆಗುವ ಹಿರಿಯರು 2025-26ರ ಬಡ್ಡಿಗೆ ಫಾರ್ಮ್ 15ಎಚ್ (ತೆರಿಗೆ ಬರುವುದಿಲ್ಲ ಎಂಬ ಘೋಷಣೆ) ಕೊಟ್ಟರೆ ಬ್ಯಾಂಕ್ ಹಿಡಿಯುವುದಿಲ್ಲ, ರಿಬೇಟ್‌ನಿಂದ ಸೊನ್ನೆ ಆಗುವುದೂ ಇದಕ್ಕೆ ಸಾಕು. ಈಗ ಕೊಟ್ಟರೂ ಇನ್ನು ಮುಂದೆ ಜಮಾ ಆಗುವ ಬಡ್ಡಿಗೆ ಹಿಡಿಯುವುದು ನಿಲ್ಲುತ್ತದೆ. ಈ ಘೋಷಣೆ ಒಂದು ವರ್ಷಕ್ಕೆ ಮಾತ್ರ, ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗಿ ಕೊಡಬೇಕು, ಒಂದಕ್ಕಿಂತ ಹೆಚ್ಚು ಬ್ಯಾಂಕ್ ಇದ್ದರೆ ಪ್ರತಿಯೊಂದಕ್ಕೂ. ಆಗಲೇ ಹಿಡಿದದ್ದು ಬ್ಯಾಂಕಿನಿಂದ ವಾಪಸು ಬರುವುದಿಲ್ಲ, ರಿಟರ್ನ್ ಹಾಕಿ ರೀಫಂಡ್ ಪಡೆಯಬೇಕು. ತೆರಿಗೆ ಸೊನ್ನೆ ಎಂದು ರಿಟರ್ನ್ ಬಿಡುವಂತೆಯೂ ಇಲ್ಲ. ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಕಡ್ಡಾಯ, ರಿಬೇಟ್ ಮನ್ನಾ ಮಾಡುವುದು ತೆರಿಗೆಯನ್ನು ಮಾತ್ರ.

ಎಫ್‌ಡಿಯನ್ನು ಎರಡು ಮೂರು ಬ್ಯಾಂಕಿಗೆ ಹಂಚಿ ಪ್ರತಿಯೊಂದರಲ್ಲೂ ಬಡ್ಡಿ 1 ಲಕ್ಷದ ಒಳಗಿರುವಂತೆ ಮಾಡಿಕೊಳ್ಳುವವರಿದ್ದಾರೆ. ಅದರಿಂದ ತಪ್ಪುವುದು ಟಿಡಿಎಸ್ ಅಷ್ಟೇ, ಬಡ್ಡಿ ಆದಾಯವಲ್ಲ. ಎಲ್ಲ ಬ್ಯಾಂಕಿನ ಬಡ್ಡಿಯೂ ಆದಾಯ ತೆರಿಗೆ ಪೋರ್ಟಲ್‌ನ ಎಐಎಸ್ (ವರ್ಷದ ಆದಾಯ, ವಹಿವಾಟಿನ ವಿವರ) ಪಟ್ಟಿಯಲ್ಲಿ ಕಾಣುತ್ತದೆ. ಮೂವರ ರಿಟರ್ನ್‌ಗೂ ಮುಂಚೆ ಆ ಪಟ್ಟಿಯನ್ನೂ 26ಎಎಸ್ (ನಿಮ್ಮ ಹೆಸರಿಗೆ ಜಮಾ ಆದ ತೆರಿಗೆಯ ಪಟ್ಟಿ) ಅನ್ನೂ ತೆರೆದು ಫಾರ್ಮ್ 16ರ ಪಕ್ಕದಲ್ಲಿಟ್ಟು ನೋಡಿ.

ಕೊನೆಗೆ, ಯಾವುದನ್ನು ನಂಬುವುದು ಎಂಬ ಪ್ರಶ್ನೆ. ಯಾವ ಮಿತಿ ಕಿವಿಗೆ ಬಿದ್ದರೂ ಅದು ಯಾವ ವರ್ಷದ ಆದಾಯಕ್ಕೆ ಎಂದು ಮೊದಲು ಕೇಳಿ. ಫೆಬ್ರವರಿ 1ರ ಬಜೆಟ್‌ನಲ್ಲಿ ಬರುವ ಸ್ಲ್ಯಾಬ್ ಬದಲಾವಣೆ ಸಾಮಾನ್ಯವಾಗಿ ಮುಂದಿನ ಏಪ್ರಿಲ್ 1ರಿಂದ ಶುರುವಾಗುವ ಆದಾಯಕ್ಕೆ. ಅದೇ ಜುಲೈನಲ್ಲಿ ನೀವು ತುಂಬುವ ರಿಟರ್ನ್ ಅದರ ಹಿಂದಿನ ವರ್ಷದ್ದು. ಬಂಡವಾಳ ಲಾಭದ ದರಗಳು ಮಾತ್ರ 2024ರಲ್ಲಿ ವರ್ಷದ ನಡುವೆಯೇ, ಜುಲೈ 23ರಂದು ಬದಲಾದವು. ಅಂಥದ್ದು ಅಪರೂಪ.

ಈ ಸಲ ವರ್ಷದ ಗೊಂದಲ ಇನ್ನಷ್ಟು ಹೆಚ್ಚಲಿದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತದೆ, ಅದರಲ್ಲಿ ಅಸೆಸ್‌ಮೆಂಟ್ ವರ್ಷ ಎಂಬ ಮಾತೇ ಇಲ್ಲ, ತೆರಿಗೆ ವರ್ಷ ಎಂದಷ್ಟೇ. 1961ರ ಕಾಯ್ದೆಯ ಪ್ರಕಾರ 2025-26ರ ಆದಾಯಕ್ಕೆ ಅಸೆಸ್‌ಮೆಂಟ್ ವರ್ಷ 2026-27. ಹೊಸ ಕಾಯ್ದೆಯಲ್ಲಿ ತೆರಿಗೆ ವರ್ಷ 2026-27 ಎಂದರೆ 2026-27ರದೇ ಆದಾಯ. ಅಂಕಿ ಒಂದೇ, ವರ್ಷ ಬೇರೆ. ನಿಮ್ಮ ಪತ್ನಿ ಮಾರ್ಚ್ 15ರೊಳಗೆ ಚಲನ್ ಕಟ್ಟುವುದಾದರೆ ಅಸೆಸ್‌ಮೆಂಟ್ ವರ್ಷ 2026-27 ಆರಿಸಿ, ವಿಧದಲ್ಲಿ ಅಡ್ವಾನ್ಸ್ ಟ್ಯಾಕ್ಸ್ (100) ಎಂದು ಗುರುತಿಸಬೇಕು. ಮಾರ್ಚ್ 31 ದಾಟಿದ ಮೇಲೆ ಇದೇ ಆದಾಯಕ್ಕೆ ಕಟ್ಟುವುದಾದರೆ ಸೆಲ್ಫ್ ಅಸೆಸ್‌ಮೆಂಟ್ (300), ಅಸೆಸ್‌ಮೆಂಟ್ ವರ್ಷ ಅದೇ. ಹಣ ಕಟ್ಟಿದ ಮೇಲೆ ಚಲನ್ ತೆರೆದು ಪ್ಯಾನ್, ವರ್ಷ, ವಿಧ ಮೂರನ್ನೂ ಓದಿ ನೋಡಿ. ವರ್ಷ ಅಥವಾ ವಿಧ ತಪ್ಪಿದ್ದರೆ ಅಂದೇ ಪೋರ್ಟಲ್‌ನಲ್ಲಿ ಚಲನ್ ತಿದ್ದುಪಡಿಗೆ ಹಾಕಿ, ಅದಕ್ಕೆ ದಿನಗಳ ಮಿತಿ ಇದೆ.